ರ‍್ಯಾಂಚರ್ ಸರ್ವರ್‌ನ ಕ್ಲೌಡ್‌ನಲ್ಲಿ ಕೂರಿಸಿ ಆರು ತಿಂಗಳು ಓಡಿಸಿದ್ಮೇಲೆ ಬರೀತಿರೋ ರಿವ್ಯೂ

ನಾಲ್ಕು ಕುಬರ್ನೆಟಿಸ್ ಕ್ಲಸ್ಟರ್ (ಕಂಟೇನರ್‌ನಲ್ಲಿರೋ ಆ್ಯಪ್‌ಗಳನ್ನ ಓಡಿಸೋ ಮಷೀನ್‌ಗಳ ಗುಂಪು), ಅವುಗಳ ಒಳಗೆ ಹೋಗೋಕೆ ನಾಲ್ಕು ಕ್ಯೂಬ್‌ಕಾನ್ಫಿಗ್ ಫೈಲು, ಐದು ಜನ. ಟೆಸ್ಟ್ ಕ್ಲಸ್ಟರ್ ಅಂದ್ಕೊಂಡು ಪ್ರೊಡಕ್ಷನ್‌ನಲ್ಲಿ ಓಡ್ತಿದ್ದ ಒಂದು ಆ್ಯಪ್‌ನ ಡಿಪ್ಲಾಯ್‌ಮೆಂಟ್ ಡಿಲೀಟ್ ಮಾಡಿದ ದಿನವೇ ನಮ್ಗೆ ಗೊತ್ತಾಗಿದ್ದು ಇದು ಹೀಗೇ ನಡೆಯಲ್ಲ ಅಂತ. ಎಲ್ಲಾ ಕ್ಲಸ್ಟರ್ ಒಂದೇ ಕಡೆಯಿಂದ ಕಾಣ್ಬೇಕು, ಯಾರಿಗೆ ಎಲ್ಲಿ ಕೈ ಹಾಕೋಕೆ ಬಿಡ್ಬೇಕು ಅನ್ನೋದು ನಮ್ಮ ಹಿಡಿತದಲ್ಲಿರ್ಬೇಕು, ಅದಕ್ಕೆ ರ‍್ಯಾಂಚರ್ ಅನ್ನೋ ಸಾಫ್ಟ್‌ವೇರ್ ಆರಿಸಿದ್ವಿ. ಮೊದ್ಲೇ ಹೇಳ್ಬಿಡ್ತೀನಿ, ನಂಗೆ ಇದು ತುಂಬಾ ಇಷ್ಟ ಆಗಿದೆ, ಆದ್ರೆ ಇನ್‌ಸ್ಟಾಲ್ ಮಾಡೋಕೆ ಮುಂಚೆ ಎರಡು ಮೂರು ವಿಷಯ ತೀರ್ಮಾನ ಮಾಡ್ಕೊಳ್ದೇ ಕೂತ್ರೆ ಆಮೇಲೆ ಅನುಭವಿಸ್ಬೇಕಾಗುತ್ತೆ.

ಹುಡುಕಿದ್ರೆ ಸಿಗೋ ಗೈಡ್‌ಗಳ ಬಗ್ಗೆ ಮೊದ್ಲು ಎಚ್ಚರ ಇರ್ಲಿ. 2016ರಲ್ಲಿ ಬಂದ ರ‍್ಯಾಂಚರ್ 1.0 ಬೇರೆಯೇ ಪ್ರಾಣಿ, ಅದ್ರಲ್ಲಿ ಕಂಟೇನರ್ ನೋಡ್ಕೊಳ್ಳೋಕೆ ಅವ್ರದ್ದೇ ಕ್ಯಾಟಲ್ ಇತ್ತು, ಕುಬರ್ನೆಟಿಸ್ ಥರದ್ದೇ ಬೇರೆ ಸಿಸ್ಟಮ್‌ಗಳಾದ ಸ್ವಾರ್ಮ್, ಮೆಸೋಸ್ ಎಲ್ಲಾ ಓಡಿಸ್ಬಹುದಿತ್ತು. 2018ರಲ್ಲಿ 2.0 ಬಂದಾಗ ಅದನ್ನೆಲ್ಲಾ ಬಿಟ್ಟು ಕುಬರ್ನೆಟಿಸ್ ಒಂದನ್ನೇ ಹಿಡಿದ್ರು, 2020ರಲ್ಲಿ ಕಂಪನಿನೇ ಲಿನಕ್ಸ್ ತಯಾರಿಸೋ ಸುಸೆ ಕೈಗೆ ಹೋಯ್ತು. ಹಳೇ ಗೈಡು ಇವತ್ತಿಗೂ ಸರ್ಚ್‌ನಲ್ಲಿ ಬರ್ತಾವೆ, ಗುರುತು ಹಿಡಿಯೋದು ಸುಲಭ, ಪೋರ್ಟ್ 8080 ಓಪನ್ ಮಾಡಿ ಅಂತ ಶುರು ಮಾಡಿದ್ರೆ ಅದು 1.x ಕಾಲದ್ದು, ಅಲ್ಲೇ ಕ್ಲೋಸ್ ಮಾಡಿ. ಈಗಿಂದು 80 ಮತ್ತು 443ರಲ್ಲಿ ಓಡುತ್ತೆ.

ಕಂಟೇನರ್ ಓಡಿಸೋ ಟೂಲ್ ಡಾಕರ್‌ನ ಒಂದೇ ಕಮಾಂಡ್‌ನಲ್ಲಿ ಸರ್ವರ್ ಎಬ್ಬಿಸ್ಬಹುದು, ನಾನೂ ಮೊದ್ಲು ಹಾಗೇ ಮಾಡಿದ್ದು, ಒಂದು ವಿಎಮ್ (ಕ್ಲೌಡ್‌ನ ವರ್ಚುಯಲ್ ಮಷೀನ್), ಒಂದು ಕಮಾಂಡು, ಲಾಗ್‌ನಿಂದ ಬೂಟ್‌ಸ್ಟ್ರಾಪ್ ಪಾಸ್‌ವರ್ಡ್ ತೆಗೆದು ಲಾಗಿನ್, ಮುಗೀತು. ನೋಡಿ ಕಲಿಯೋಕೆ ಇದು ಸಾಕು. ಆದ್ರೆ ಇದು ಡೆವಲಪ್‌ಮೆಂಟ್, ಟೆಸ್ಟಿಂಗ್‌ಗೆ ಮಾತ್ರ ಅಂತ ಅವ್ರ ಡಾಕ್ಯುಮೆಂಟೇಶನ್‌ನಲ್ಲೇ ಬರೆದಿದೆ, ಅದನ್ನ ನಂಬಿ. ನಿಜವಾದ ಕೆಲಸಕ್ಕೆ ಮೂರು ವಿಎಮ್ ತಗೊಂಡು ಅದ್ರ ಮೇಲೆ ಕೆ3ಎಸ್ (ಹಗುರವಾದ ಕುಬರ್ನೆಟಿಸ್) ಕ್ಲಸ್ಟರ್ ಹಾಕಿ, ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ತರೋ ಸರ್ಟ್ ಮ್ಯಾನೇಜರ್ ಹಾಕಿ, ಕುಬರ್ನೆಟಿಸ್‌ನ ಇನ್‌ಸ್ಟಾಲರ್ ಆದ ಹೆಲ್ಮ್‌ನ ಚಾರ್ಟ್‌ನಿಂದ ರ‍್ಯಾಂಚರ್ ಹಾಕೋದೇ ಸರಿ. ಮೂರು ಯಾಕೆ ಅಂದ್ರೆ ಒಳಗಿರೋ ಎಟ್‌ಸಿಡಿಗೆ (ಕ್ಲಸ್ಟರ್‌ನ ಸ್ಥಿತಿ ಇಟ್ಕೊಳ್ಳೋ ಡೇಟಾಬೇಸ್) ಬಹುಮತ ಬೇಕು, ಮೂರರಲ್ಲಿ ಒಂದು ಬಿದ್ರೂ ಎರಡು ಉಳಿಯುತ್ತೆ, ಎರಡೇ ಇಟ್ಕೊಂಡ್ರೆ ಒಂದು ಬಿದ್ದ ತಕ್ಷಣ ಎಲ್ಲಾ ನಿಲ್ಲುತ್ತೆ. ಮೆಮೊರಿಲಿ ಜುಗ್ಗತನ ಬೇಡ, ನಾವು 4 ಜಿಬಿ ಮಷೀನ್‌ನಲ್ಲಿ ಶುರು ಮಾಡಿ ಎರಡೇ ವಾರಕ್ಕೆ 8ಕ್ಕೆ ಏರಿಸಿದ್ವಿ.

ಹೆಲ್ಮ್ ಓಡಿಸೋಕೆ ಮುಂಚೆ ಸಪೋರ್ಟ್ ಮ್ಯಾಟ್ರಿಕ್ಸ್ (ಯಾವ ವರ್ಶನ್‌ಗೆ ಯಾವ ಕುಬರ್ನೆಟಿಸ್ ಹೊಂದುತ್ತೆ ಅನ್ನೋ ಪಟ್ಟಿ) ನೋಡಿ. ನಾನು ಅಭ್ಯಾಸಬಲದಿಂದ ಕೆ3ಎಸ್‌ನ ಲೇಟೆಸ್ಟ್ ವರ್ಶನ್ ಹಾಕ್ಬಿಟ್ಟಿದ್ದೆ, ಚಾರ್ಟು ಈ ಕುಬರ್ನೆಟಿಸ್ ವರ್ಶನ್ ಆಗಲ್ಲ ಅಂತ ಮುಖಕ್ಕೆ ಹೇಳ್ತು, ಮೂರೂ ನೋಡ್ (ಕ್ಲಸ್ಟರ್‌ನಲ್ಲಿರೋ ವಿಎಮ್‌ಗಳು) ಅಳಿಸಿ ಮತ್ತೆ ಹಾಕಿದೆ.

ಅದಕ್ಕಿಂತ ಜಾಸ್ತಿ ತಲೆ ತಿಂದಿದ್ದು ಫೈರ್‌ವಾಲ್. ಮೂರೂ ನೋಡ್ ರೆಡಿ ಅಂತ ತೋರಿಸ್ತಿತ್ತು, ಪಾಡ್‌ಗಳು (ಕಂಟೇನರ್ ಓಡೋ ಘಟಕಗಳು) ಎದ್ದಿದ್ವು, ಆದ್ರೆ ಸರ್ಟಿಫಿಕೇಟ್ ಮಾತ್ರ ಬರ್ತಾ ಇಲ್ಲ. ಸರ್ಟ್ ಮ್ಯಾನೇಜರ್ ಲಾಗ್ ನೋಡಿದ್ರೆ ಹೆಸರು ಹುಡುಕೋಕೇ ಆಗ್ತಿಲ್ಲ ಅಂತ ಸಾಲು ಸಾಲಾಗಿ ಎರರ್. ಮೊದಲ್ನೇ ನೋಡ್‌ನಲ್ಲಿರೋ ಪಾಡ್ ಒಳಗೆ ಹೋಗಿ ಎನ್‌ಎಸ್‌ಲುಕಪ್ ಕಮಾಂಡ್‌ನಿಂದ ಹೆಸರು ಹುಡುಕಿದ್ರೆ ತಕ್ಷಣ ಉತ್ತರ, ಎರಡನೇ ನೋಡ್‌ನ ಪಾಡ್‌ನಿಂದ ಮಾಡಿದ್ರೆ ಟೈಮ್‌ಔಟ್. ಆಗ ಹೊಳೀತು, ಹೆಸರು ಹುಡುಕಿ ಕೊಡೋ ಕೋರ್‌ಡಿಎನ್‌ಎಸ್ ಪಾಡ್ ಕೂತಿರೋದು ಮೊದಲ್ನೇ ನೋಡ್‌ನಲ್ಲಿ, ಬೇರೆ ನೋಡ್‌ನಿಂದ ಅಲ್ಲಿಗೆ ಪ್ಯಾಕೆಟ್ಟೇ ತಲುಪ್ತಿಲ್ಲ. ನೋಡ್‌ಗಳ ಮಧ್ಯೆ ಪಾಡ್‌ಗಳ ಟ್ರಾಫಿಕ್ ಸಾಗಿಸೋ ಫ್ಲಾನೆಲ್‌ಗೆ ಯುಡಿಪಿ ಪೋರ್ಟ್ 8472 ಬೇಕು, ನಾನು ಸೆಕ್ಯುರಿಟಿ ಗ್ರೂಪ್‌ನಲ್ಲಿ (ಕ್ಲೌಡ್‌ನ ಫೈರ್‌ವಾಲ್) 6443, 10250, 2379, 2380 ಎಲ್ಲಾ ಹಾಕಿದ್ದೆ, ಎಲ್ಲಾ ಟಿಸಿಪಿ, ಯುಡಿಪಿ ಮರೆತಿದ್ದೆ. ನೋಡ್ ರೆಡಿ ಆಗೋಕೆ ಟಿಸಿಪಿ ಸಾಕಲ್ವಾ, ಅದಕ್ಕೇ ಮೇಲ್ನೋಟಕ್ಕೆ ಎಲ್ಲಾ ಸರಿ ಇದ್ದಂಗೆ ಕಾಣ್ತಿತ್ತು. ಒಂದು ಸಾಲು ಸೇರಿಸಿದ ಮೇಲೆ ಎರಡು ನಿಮಿಷದಲ್ಲಿ ಸರ್ಟಿಫಿಕೇಟ್ ಬಂತು. ಈ 8472ನ ನೋಡ್‌ಗಳ ಮಧ್ಯೆ ಮಾತ್ರ ತೆಗೀರಿ, ಇಂಟರ್ನೆಟ್‌ಗೆ ತೆಗೆದ್ರೆ ಒಳಗಿನ ನೆಟ್‌ವರ್ಕನ್ನೇ ಊರಿಗೆಲ್ಲಾ ಕೊಟ್ಟಂಗೆ. ಮತ್ತೆ ಸರ್ಟಿಫಿಕೇಟ್ ಕೊಡೋ ಲೆಟ್ಸ್ ಎನ್‌ಕ್ರಿಪ್ಟ್ ಇಲ್ಲಿ ನಿಮ್ಮ ಡೊಮೇನ್ ಪರೀಕ್ಷೆ ಮಾಡೋದು ಪೋರ್ಟ್ 80ರಲ್ಲಿ, 443 ಒಂದೇ ಸಾಕು ಅಂತ 80 ಮುಚ್ಬೇಡಿ.

ಹೋಸ್ಟ್‌ನೇಮ್ ವಿಷಯ ಎಷ್ಟು ಒತ್ತಿ ಹೇಳಿದ್ರೂ ಕಮ್ಮಿ. ಸರ್ವರ್‌ಗೆ ಕೊಡೋ ಹೆಸರು ಇಲ್ಲಿಂದ ಮ್ಯಾನೇಜ್ ಆಗೋ ಪ್ರತಿ ಕ್ಲಸ್ಟರ್‌ನ ಏಜೆಂಟ್ (ಅಲ್ಲಿ ಓಡೋ ರ‍್ಯಾಂಚರ್‌ನ ಪ್ರೋಗ್ರಾಮ್) ಒಳಗೆ ಹೋಗಿ ಕೂರುತ್ತೆ, ಆಮೇಲೆ ಬದಲಾಯಿಸೋದು ದೊಡ್ಡ ತಲೆನೋವು. ವಿಎಮ್‌ನ ಐಪಿ ಕೊಡ್ಬೇಡಿ, ಕ್ಲೌಡ್‌ನವರು ಕೊಡೋ ಉದ್ದನೆಯ ಲೋಡ್ ಬ್ಯಾಲೆನ್ಸರ್ (ಬರೋ ಟ್ರಾಫಿಕ್‌ನ ವಿಎಮ್‌ಗಳಿಗೆ ಹಂಚೋದು) ಹೆಸರೂ ಬೇಡ, ನಿಮ್ಮದೇ ಡೊಮೇನ್‌ನಲ್ಲಿ ಒಂದು ಹೆಸರು ಇಟ್ಟು ಅದನ್ನ ಲೋಡ್ ಬ್ಯಾಲೆನ್ಸರ್ ಕಡೆ ತಿರುಗಿಸಿ. ನಾಳೆ ಬೇರೆ ಕ್ಲೌಡ್‌ಗೆ ಹೋದ್ರೂ ಡಿಎನ್‌ಎಸ್ ಒಂದು ಬದಲಾಯಿಸಿದ್ರೆ ಆಯ್ತು.

ಇಷ್ಟೆಲ್ಲಾ ಮಾಡಿದ್ಮೇಲೆ ಸಿಗೋದು ಮಾತ್ರ ಚೆನ್ನಾಗಿದೆ. ಇರೋ ಕ್ಲಸ್ಟರ್ ಸೇರಿಸೋಕೆ ಯುಐನಲ್ಲಿ ಒಂದು ಕಮಾಂಡ್ ಕೊಡುತ್ತೆ, ಅದನ್ನ ಆ ಕ್ಲಸ್ಟರ್‌ನಲ್ಲಿ ಓಡಿಸಿದ್ರೆ ಅಲ್ಲೊಂದು ಏಜೆಂಟ್ ಕೂತು ತಾನೇ ಸರ್ವರ್‌ಗೆ 443ರಲ್ಲಿ ಕನೆಕ್ಟ್ ಆಗುತ್ತೆ. ಕನೆಕ್ಷನ್ ಒಳಗಿಂದ ಹೊರಗೆ ಹೋಗೋದ್ರಿಂದ ಆ ಕ್ಲಸ್ಟರ್ ಕಡೆ ಹೊರಗಿನಿಂದ ಒಂದು ಪೋರ್ಟೂ ತೆಗೀಬೇಕಾಗಿಲ್ಲ, ನಮ್ಮ ಪ್ರೈವೇಟ್ ನೆಟ್‌ವರ್ಕ್‌ನಲ್ಲಿರೋ ಕ್ಲಸ್ಟರ್ ಕೂಡ ಹಾಗೇ ಸೇರ್ಕೊಂಡ್ತು. ನಂಗೆ ಇಡೀ ಪ್ರಾಡಕ್ಟ್‌ನಲ್ಲಿ ಅತಿ ಇಷ್ಟವಾದ ಭಾಗ ಇದೇ. ಪ್ರಾಜೆಕ್ಟ್ ಅನ್ನೋದು ಇನ್ನೊಂದು, ನಾಲ್ಕೈದು ನೇಮ್‌ಸ್ಪೇಸ್ (ಕ್ಲಸ್ಟರ್ ಒಳಗಿನ ವಿಭಾಗ) ಒಟ್ಟಿಗೆ ಕಟ್ಟಿ ಒಬ್ರಿಗೆ ಅಷ್ಟಕ್ಕೇ ಅಧಿಕಾರ ಕೊಡ್ಬಹುದು. ಟೀಮ್‌ಗೆ ಹೊಸದಾಗಿ ಸೇರಿದ ಹುಡುಗಿಗೆ ಟೆಸ್ಟ್ ಪ್ರಾಜೆಕ್ಟ್ ಒಂದನ್ನೇ ಕೊಟ್ವಿ, ಅವಳಿಗೆ ಪ್ರೊಡಕ್ಷನ್ ಕ್ಲಸ್ಟರ್ ಲಿಸ್ಟ್‌ನಲ್ಲೇ ಕಾಣಲ್ಲ, ಅವಳೂ ಭಯ ಇಲ್ದೇ ಕೆಲಸ ಕಲೀತಿದ್ದಾಳೆ.

ಸರ್ವರ್ ಬಿದ್ರೆ ಎಲ್ಲಾ ಹೋಗುತ್ತಾ ಅಂತ ಎಲ್ರೂ ಕೇಳ್ತಾರೆ. ನಾನು ಒಂದು ರಾತ್ರಿ ಬೇಕಂತಲೇ ಮೂರೂ ವಿಎಮ್ ಆಫ್ ಮಾಡಿ ನೋಡಿದೆ. ಆ್ಯಪ್‌ಗಳು ಒಂದು ರಿಕ್ವೆಸ್ಟ್ ಕೂಡ ಬಿಡ್ದೇ ಓಡ್ತಾನೇ ಇದ್ವು, ಕ್ಲಸ್ಟರ್ ತನ್ನ ಪಾಡಿಗೆ ತಾನಿರುತ್ತೆ. ಆದ್ರೆ ಕ್ಲಸ್ಟರ್ ಜೊತೆ ಮಾತಾಡೋ ಕ್ಯೂಬ್‌ಸಿಟಿಎಲ್ ಕಮಾಂಡ್ ಹೊಡೆದ್ರೆ ಉತ್ತರ ಇಲ್ಲ, ಯಾಕಂದ್ರೆ ರ‍್ಯಾಂಚರ್‌ನಿಂದ ಡೌನ್‌ಲೋಡ್ ಮಾಡಿದ ಕ್ಯೂಬ್‌ಕಾನ್ಫಿಗ್ ಆ ಸರ್ವರ್ ಮೂಲಕವೇ ಹೋಗೋದು. ಕ್ಲಸ್ಟರ್‌ನ ಮೂಲ ಕ್ಯೂಬ್‌ಕಾನ್ಫಿಗ್ ಇದ್ರೆ ನೇರ ಒಳಗೆ ಹೋಗ್ಬಹುದು, ಅದನ್ನ ಎಲ್ಲಾ ರ‍್ಯಾಂಚರ್‌ನಲ್ಲೇ ಇದೆಯಲ್ಲಾ ಅಂತ ಯಾವ್ದೇ ಕಾರಣಕ್ಕೂ ಅಳಿಸ್ಬೇಡಿ.

ಒಂದೇ ಕ್ಲಸ್ಟರ್ ಇರೋರು ಇದ್ರ ಹತ್ರ ಬರೋದು ಬೇಡ, ಒಂದನ್ನ ನೋಡ್ಕೊಳ್ಳೋಕೆ ಇನ್ನೊಂದು ಕ್ಲಸ್ಟರ್ ಸಾಕಿದಂಗೆ ಆಗುತ್ತೆ. ಮೂರು ದಾಟಿದ್ರೆ ಧೈರ್ಯವಾಗಿ ಹಾಕಿ. ಬ್ಯಾಕಪ್‌ಗೆ ಅವ್ರದ್ದೇ ಆಪರೇಟರ್ (ಕ್ಲಸ್ಟರ್ ಒಳಗೆ ಓಡೋ ಪ್ರೋಗ್ರಾಮ್) ಇದೆ, ಆಬ್ಜೆಕ್ಟ್ ಸ್ಟೋರೇಜ್‌ಗೆ ನೇರ ಬರೆಯುತ್ತೆ, ಪ್ರತಿ ಅಪ್‌ಗ್ರೇಡ್‌ಗೆ ಮುಂಚೆ ಒಂದು ತೆಗೀರಿ. ನಾವು ಖಾಲಿ ಕ್ಲಸ್ಟರ್ ಒಂದ್ರ ಮೇಲೆ ಅದನ್ನ ರಿಸ್ಟೋರ್ ಮಾಡಿ, ಅದೇ ಹೋಸ್ಟ್‌ನೇಮ್‌ನ ಆ ಕಡೆ ತಿರುಗಿಸಿದ್ವಿ, ನಾಲ್ಕೂ ಕ್ಲಸ್ಟರ್‌ನ ಏಜೆಂಟ್‌ಗಳು ಒಂದೊಂದಾಗಿ ತಾವೇ ಬಂದು ಸೇರ್ಕೊಂಡ್ವು.