ಓದದೆಯೇ ಪಾಸಾದ ಪರೀಕ್ಷೆಗಳು: ಓಪನ್‌ಎಸ್‌ಎಸ್‌ಎಲ್ ಕಾನ್ಫಿಗರೇಶನ್ ಫೈಲುಗಳ ಜೊತೆ ಏಳು ವರ್ಷ

ಐದಕ್ಕೆ ಮೂರೂವರೆ ನಕ್ಷತ್ರ. ಕಡಿತಗೊಂಡ ಒಂದೂವರೆಯಲ್ಲಿ ಅರ್ಧವಾದರೂ ನನ್ನದೇ ತಪ್ಪಿಗೆ ಸಲ್ಲಬೇಕು, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಓಪನ್‌ಎಸ್‌ಎಸ್‌ಎಲ್ ಎಂದರೆ ಎನ್‌ಕ್ರಿಪ್ಶನ್ ಕೆಲಸದ ಸಿದ್ಧ ಕೋಡಿನ ಲೈಬ್ರರಿ; ಅದು ಹೇಗೆ ನಡೆದುಕೊಳ್ಳಬೇಕೆಂದು ಹೇಳುವುದು ಅದರ ಕಾನ್ಫಿಗರೇಶನ್ ಫೈಲು. 2018ರಲ್ಲಿ ಅದರ 1.1.1 ಆವೃತ್ತಿ ಬಂದ ಹೊಸತರಲ್ಲಿ ಈ ಫೈಲುಗಳ ಉಸ್ತುವಾರಿ ನನ್ನ ಕೊರಳಿಗೆ ಬಿತ್ತು. ನಮ್ಮ ಸಾಫ್ಟ್‌ವೇರ್‌ನ ಎನ್‌ಕ್ರಿಪ್ಶನ್ ಪೂರ್ತಿ ಈ ಲೈಬ್ರರಿಯ ಮೇಲೆ ನಿಂತಿದೆ. ಕೋಡಿನಲ್ಲಿ ಒಂದು ಸಾಲು ಬದಲಾದರೂ ಪರೀಕ್ಷೆಗಳು ತಾವಾಗಿ ಓಡುತ್ತವೆ. ಒಂದೊಂದು ಗುಂಪಿಗೆ ಒಂದೊಂದು ಕಾನ್ಫಿಗರೇಶನ್: ಒಂದಕ್ಕೆ ಟಿಎಲ್‌ಎಸ್ (ಜಾಲದ ಸಂಪರ್ಕವನ್ನು ಭದ್ರಗೊಳಿಸುವ ನಿಯಮಾವಳಿ) 1.2ಕ್ಕಿಂತ ಹಳೆಯದು ಬೇಡ, ಇನ್ನೊಂದಕ್ಕೆ ಹಳೆಯ ಅಲ್ಗಾರಿದಮ್‌ಗಳೇ ಬೇಕು, ಮತ್ತೊಂದಕ್ಕೆ ಫಿಪ್ಸ್ (ಅಮೆರಿಕ ಸರ್ಕಾರದ ಭದ್ರತಾ ಮಾನದಂಡ) ಮಾಡ್ಯೂಲ್ ಬಿಟ್ಟು ಬೇರೇನೂ ಕೂಡದು.

ಈ ಫೈಲುಗಳು ಜಗಳಗಂಟಿಯಾಗಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ಆದರೆ ಇವು ಮೌನಿಗಳು.

ಒಂದು ಮಧ್ಯಾಹ್ನ ಪುರುಸೊತ್ತಿತ್ತು. ಫೈಲನ್ನು ಚೊಕ್ಕಟ ಮಾಡೋಣವೆಂದು, ಚೌಕ ಆವರಣದಲ್ಲಿ ಹೆಸರು ಹೊತ್ತ ಸೆಕ್ಷನ್‌ಗಳನ್ನು ಅಕಾರಾದಿಯಾಗಿ ಜೋಡಿಸಿದೆ. ಎಲ್ಲಕ್ಕಿಂತ ಮೇಲೆ, ಯಾವ ಚೌಕ ಆವರಣದ ಹೆಸರಿಗೂ ಸೇರದ ಜಾಗದಲ್ಲಿ, ‘ಓಪನ್‌ಎಸ್‌ಎಸ್‌ಎಲ್_ಕಾನ್ಫ್’ ಎಂಬ ಒಂದು ಸಾಲು ಇರುತ್ತದೆ. ಲೈಬ್ರರಿ ಮೊದಲು ಹುಡುಕುವುದು ಅದನ್ನು. ಅಲ್ಲಿಂದ ದಾರಿ ಹಿಡಿದು ಉಳಿದ ಸೆಕ್ಷನ್‌ಗಳಿಗೆ ಹೋಗುತ್ತದೆ. ನನ್ನ ಚೊಕ್ಕಟದ ಭರದಲ್ಲಿ ಆ ಸಾಲು ಮೊದಲ ಸೆಕ್ಷನ್‌ನ ಹೆಸರಿನ ಕೆಳಗೆ ಸರಿಯಿತು. ಅಷ್ಟಕ್ಕೇ ಅದು ಆ ಸೆಕ್ಷನ್‌ನ ಸ್ವತ್ತಾಯಿತು, ಬಾಗಿಲು ಮುಚ್ಚಿತು. ದೋಷವಿಲ್ಲ, ಎಚ್ಚರಿಕೆಯಿಲ್ಲ. ಫೈಲಿನ ಉಳಿದ ಮೂವತ್ತು ಸಾಲುಗಳೂ ಇದ್ದೂ ಇಲ್ಲದಂತಾದವು. ಪರೀಕ್ಷೆಗಳು ಮಾತ್ರ ಪಾಸ್. ನಾಲ್ಕು ತಿಂಗಳು ಹಾಗೆಯೇ ಹಸಿರು.

ಸಿಕ್ಕಿಬಿದ್ದದ್ದು ಆಕಸ್ಮಿಕ. 1024 ಬಿಟ್‌ನ ಆರ್‌ಎಸ್‌ಎ ಕೀಲಿಯಿರುವ (ಬಿಟ್ ಕಡಿಮೆಯಾದಷ್ಟೂ ಕೀಲಿ ದುರ್ಬಲ) ಸರ್ವರ್ ಪ್ರಮಾಣಪತ್ರವನ್ನು, ಅಂದರೆ ಸರ್ವರ್‌ನ ಗುರುತಿನ ಚೀಟಿಯನ್ನು, ನಮ್ಮ ಕ್ಲೈಂಟ್ ತಿರಸ್ಕರಿಸಬೇಕು ಎಂದು ಸಹೋದ್ಯೋಗಿಯೊಬ್ಬರು ಹೊಸ ಪರೀಕ್ಷೆ ಬರೆದರು. ಸಂಪರ್ಕ ಸಲೀಸಾಗಿ ಏರ್ಪಟ್ಟಿತು. “ನಮ್ಮ ಫೈಲಿನಲ್ಲಿ ಭದ್ರತಾ ಹಂತ 2 ಎಂದಿದೆಯಲ್ಲ, ಇದು ಹೇಗೆ ಒಳಗೆ ಬಂತು?” ಎಂದು ಕೇಳಿದರು. ಹಂತ 2ರಲ್ಲಿ ಆರ್‌ಎಸ್‌ಎ ಕೀಲಿ ಕನಿಷ್ಠ 2048 ಬಿಟ್ ಇರಬೇಕು. ಹಂತ 1ರಲ್ಲಿ 1024 ಸಾಕು. ನಾವು ಬಳಸುತ್ತಿದ್ದ 3.0ರ ಮೂಲ ಕೋಡಿನಲ್ಲಿ ಏನೂ ಹೇಳದಿದ್ದರೆ ಹಂತ 1. ಅಲ್ಲಿಯವರೆಗೆ ನಮ್ಮಲ್ಲಿದ್ದದ್ದೆಲ್ಲ ‘ಸಂಪರ್ಕ ಆಗಬೇಕು’ ಎನ್ನುವ ಪರೀಕ್ಷೆಗಳು. ಫೈಲು ಓದಿದರೂ ಆಗುತ್ತಿತ್ತು, ಓದದಿದ್ದರೂ ಆಗುತ್ತಿತ್ತು.

ಅಂದಿನಿಂದ ನಮ್ಮಲ್ಲಿ ಒಂದು ಕಟ್ಟುನಿಟ್ಟು. ಯಾವ ಕಾನ್ಫಿಗರೇಶನ್ ಫೈಲು ಬಂದರೂ, ಅದನ್ನು ಓದದೇ ಇದ್ದರೆ ಖಂಡಿತ ಸೋಲುವಂಥ ಒಂದು ಪರೀಕ್ಷೆ ಅದರ ಜೊತೆಗೇ ಬರಬೇಕು. 3.0ರಿಂದ ‘ಕಾನ್ಫಿಗ್_ಡಯಾಗ್ನಾಸ್ಟಿಕ್ಸ್ = 1’ ಎಂಬ ಅನುಕೂಲವೂ ಇದೆ. ಹೆಸರಿಸಿದ ಸೆಕ್ಷನ್ ಇಲ್ಲದಿದ್ದರೆ, ಮಾಡ್ಯೂಲ್ ಲೋಡ್ ಆಗದಿದ್ದರೆ, ನುಂಗಿಕೊಳ್ಳದೆ ದೋಷ ತೋರಿಸುತ್ತದೆ. ಎಲ್ಲ ಫೈಲುಗಳಿಗೂ ಹಾಕಿದ್ದೇನೆ. ಆದರೆ ನಾನು ಮಾಡಿದ ತಪ್ಪನ್ನು ಇದು ಹಿಡಿಯುವುದಿಲ್ಲ: ಮೊದಲ ಸಾಲೇ ಕಾಣದಿದ್ದರೆ ಲೈಬ್ರರಿಗೆ ಅದು ದೋಷವೇ ಅಲ್ಲ.

1.1.1ರಿಂದ 3.0ಕ್ಕೆ ದಾಟುವಾಗ ಪ್ರೊವೈಡರ್‌ಗಳು, ಅಂದರೆ ಅಲ್ಗಾರಿದಮ್‌ಗಳನ್ನು ಒದಗಿಸುವ ಮಾಡ್ಯೂಲ್‌ಗಳು, ಕಾಡಿದವು. ಹಳೆಯ ಅಲ್ಗಾರಿದಮ್‌ಗಳಿಗೆಂದು ಫೈಲಿನಲ್ಲಿ ಲೆಗಸಿ ಪ್ರೊವೈಡರ್ ಒಂದನ್ನೇ ಸಕ್ರಿಯಗೊಳಿಸಿದರೆ, ಡೀಫಾಲ್ಟ್ ಪ್ರೊವೈಡರ್ ತಾನಾಗಿ ಬರುವುದನ್ನು ನಿಲ್ಲಿಸುತ್ತದೆ. ಹಳೆಯ ಎಂಡಿ4 ಸಿಕ್ಕಿತು, ಇಂದಿನ ಎಇಎಸ್ ಮಾಯ. ಎರಡನ್ನೂ ಹೆಸರು ಹೇಳಿ ಕರೆಯಬೇಕು. ಇದರಲ್ಲಿ ಕಳೆದದ್ದು ಒಂದೇ ದಿನ; ಸೋಲು ಜೋರಾಗಿಯೇ ಸದ್ದು ಮಾಡಿತ್ತು.

ಫಿಪ್ಸ್ ಫೈಲಿನ ವಿಷಯ ಬೇರೆ. ಅದನ್ನು ಕೈಯಲ್ಲಿ ಬರೆಯುವುದಲ್ಲ, ‘ಫಿಪ್ಸ್‌ಇನ್‌ಸ್ಟಾಲ್’ ಆದೇಶ ಆಯಾ ಯಂತ್ರದಲ್ಲೇ ತಯಾರಿಸಬೇಕು. ಮಾಡ್ಯೂಲ್ ಫೈಲಿನ ಮೇಲೆ ಲೆಕ್ಕ ಹಾಕಿದ ಎಚ್‌ಮ್ಯಾಕ್ (ಮಾಡ್ಯೂಲ್ ಬದಲಾಗಿಲ್ಲವೆಂದು ತಾಳೆ ನೋಡುವ ಮೊತ್ತ) ಅದರಲ್ಲಿರುತ್ತದೆ. ಸಮಯ ಉಳಿಸಲು ನಾವು ಆ ಫೈಲನ್ನು ಮತ್ತೆ ಮತ್ತೆ ಬಳಸಲೆಂದು ಕ್ಯಾಶ್‌ನಲ್ಲಿ (ತಾತ್ಕಾಲಿಕ ಸಂಗ್ರಹದಲ್ಲಿ) ಇಟ್ಟೆವು. ಮಾಡ್ಯೂಲ್ ಮತ್ತೆ ಬಿಲ್ಡ್ ಆಯಿತು, ಮೊತ್ತ ತಾಳೆಯಾಗಲಿಲ್ಲ. ಈಗ ಪ್ರತಿ ಸಲ ಹೊಸದಾಗಿಯೇ ತಯಾರಿಸುತ್ತೇವೆ.

ಮೆಚ್ಚುವಂಥದ್ದೂ ಇದೆ. ಓಪನ್‌ಎಸ್‌ಎಸ್‌ಎಲ್ ತನ್ನ ಟಿಎಲ್‌ಎಸ್ ಪರೀಕ್ಷೆಗಳಿಗೆ ಅನುಸರಿಸುವ ಕ್ರಮವನ್ನು ನಾವು ಹಾಗೆಯೇ ಎತ್ತಿಕೊಂಡೆವು. ಪರ್ಲ್ ಭಾಷೆಯಲ್ಲಿ ಬರೆದ ಮೂಲ ಫೈಲಿನಿಂದ ಕಾನ್ಫಿಗರೇಶನ್ ಹುಟ್ಟುತ್ತದೆ, ಎರಡನ್ನೂ ರೆಪೊಸಿಟರಿಯಲ್ಲಿ ಇಡುತ್ತಾರೆ, ಪರೀಕ್ಷೆಯ ಹೊತ್ತಿಗೆ ಮತ್ತೊಮ್ಮೆ ಹುಟ್ಟಿಸಿ ಹೋಲಿಸುತ್ತಾರೆ. ಹುಟ್ಟಿದ ಫೈಲನ್ನು ಯಾರಾದರೂ ಗುಟ್ಟಾಗಿ ತಿದ್ದಿದರೆ ಅಲ್ಲಿಯೇ ಸಿಕ್ಕಿಬೀಳುತ್ತಾರೆ. ಪ್ರಮಾಣಪತ್ರಗಳ ಹಾದಿಯನ್ನು ಎನ್ವಿರಾನ್‌ಮೆಂಟ್ ವೇರಿಯಬಲ್‌ನಿಂದ (ಫೈಲಿನ ಹೊರಗೆ ಹೊಂದಿಸಿಟ್ಟ ಮೌಲ್ಯದಿಂದ) ತೆಗೆದುಕೊಳ್ಳಬಹುದು. ಆ ವೇರಿಯಬಲ್ ಇಲ್ಲದಿದ್ದರೆ ಫೈಲು ಓದುವಾಗಲೇ ದೋಷ. ಮೌನಿಯೂ ಒಮ್ಮೊಮ್ಮೆ ಬಾಯಿಬಿಡುತ್ತದೆ!

ಪ್ರಮಾಣಪತ್ರ ಎಂದಾಗ ನೆನಪಾಯಿತು. 2022ರ ಜೂನ್ 1ರಂದು ಓಪನ್‌ಎಸ್‌ಎಸ್‌ಎಲ್‌ನ ಪರೀಕ್ಷಾ ಪ್ರಮಾಣಪತ್ರವೊಂದರ ಅವಧಿ ಮುಗಿದು, ಹಿಂದಿನ ದಿನ ಪಾಸಾಗಿದ್ದ ಪರೀಕ್ಷೆಗಳು ಅದೇ ಕೋಡಿನಲ್ಲಿ ಸೋಲತೊಡಗಿದವು. ಅದನ್ನು ಓದಿದ ಸಂಜೆಯೇ ನಮ್ಮ ಪ್ರಮಾಣಪತ್ರಗಳ ಕೊನೆಯ ದಿನಾಂಕಗಳನ್ನೆಲ್ಲ ತೆಗೆದು ನೋಡಿದೆ. ಎರಡಕ್ಕೆ ಹನ್ನೊಂದು ದಿನ ಉಳಿದಿತ್ತು.

2023ರ ನವೆಂಬರ್‌ನಲ್ಲಿ 3.2 ಬಂತು. ಅದರಲ್ಲಿ ಡೀಫಾಲ್ಟ್ ಭದ್ರತಾ ಹಂತವೇ 2. ಒಳ್ಳೆಯದೇ. ಆದರೆ ಅದಕ್ಕೆ ಬದಲಾಯಿಸಿದ ಮೇಲೆ ಅನುಮಾನ ಬಂದು ಆ ಫೈಲಿನ ಮೊದಲ ಸಾಲನ್ನು ಬೇಕೆಂದೇ ಅಳಿಸಿ ನೋಡಿದೆ. ನಮ್ಮ 1024 ಬಿಟ್‌ನ ಕಾವಲು ಪರೀಕ್ಷೆ ನೆಮ್ಮದಿಯಾಗಿ ಪಾಸಾಯಿತು. ಫೈಲಿನ ಹಂಗಿಲ್ಲದೆಯೇ ಪ್ರಮಾಣಪತ್ರ ತಿರಸ್ಕೃತವಾಗುತ್ತಿತ್ತು. ಈಗ ಫೈಲಿನಲ್ಲಿ ಹಂತ 3 ಎಂದು ಬರೆದು, 2048 ಬಿಟ್‌ನದ್ದನ್ನು ತಿರಸ್ಕರಿಸಬೇಕು ಎಂದು ಕೇಳುತ್ತಿದ್ದೇನೆ. ಪಕ್ಕದಲ್ಲೇ ಒಂದು ಟಿಪ್ಪಣಿ ಹಾಕಿದ್ದೇನೆ: ‘ಡೀಫಾಲ್ಟ್ 3 ಆದ ದಿನ ಇದನ್ನು ನಂಬಬೇಡಿ.’