ಗೋಡಾಕ್ಸ್ ಟಿಟಿ600: ಚೌಲ್ಟ್ರಿ ಬೆಳಕಿನಲ್ಲಿ ಕೆಲವು ವರ್ಷ ಬಳಸಿದ ಮೇಲೆ

ಮದುವೆ ಫೋಟೋಗ್ರಫಿಗೆ ಈಗಷ್ಟೇ ಇಳಿದ ಹುಡುಗರು ಕೇಳುವುದು ಎರಡೇ ಪ್ರಶ್ನೆ: ಯಾವ ಫ್ಲ್ಯಾಶ್ ತಗೊಳ್ಳಲಿ, ಅದಕ್ಕೆ ಯಾವ ಡಿಫ್ಯೂಸರ್ (ಬೆಳಕು ಮೆತ್ತಗೆ ಮಾಡುವ ಮುಚ್ಚಳ) ಹಾಕಲಿ? ಫ್ಲ್ಯಾಶ್ ಬಗ್ಗೆ ಕೇಳಿದರೆ ಗೋಡಾಕ್ಸ್ ಟಿಟಿ600 ಅನ್ನುತ್ತೇನೆ, ಕೈಲಾದರೆ ಎರಡು. ಡಿಫ್ಯೂಸರ್ ಬಗ್ಗೆ ಕೇಳಿದರೆ, ಆ ದುಡ್ಡಿಗೆ ಒಳ್ಳೆ ಬ್ಯಾಟರಿ ತಗೊಳ್ಳಿ ಅನ್ನುತ್ತೇನೆ. ಹಾಸನ, ಅರಸೀಕೆರೆ, ತಿಪಟೂರು ಕಡೆಯ ಕಲ್ಯಾಣ ಮಂಟಪಗಳಲ್ಲಿ ಕೆಲವು ವರ್ಷಗಳಿಂದ ಇದನ್ನೇ ಹಿಡಿದು ಓಡಾಡುತ್ತಿದ್ದೇನೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಇದು ಪೂರ್ತಿ ಮ್ಯಾನುಯಲ್ ಫ್ಲ್ಯಾಶ್. ಟಿಟಿಎಲ್ ಇಲ್ಲ, ಅಂದರೆ ಎದುರಿನ ಬೆಳಕು ಅಳೆದು ಪವರ್ ತಾನೇ ಹೊಂದಿಸಿಕೊಳ್ಳುವ ವ್ಯವಸ್ಥೆ ಇಲ್ಲ. ಪವರ್ ಎಷ್ಟು ಬೇಕೋ ನಾವೇ 1/1ರಿಂದ 1/128ರವರೆಗೆ ಇಟ್ಟುಕೊಳ್ಳಬೇಕು, ಜೂಮ್ (ಬೆಳಕಿನ ಹರವು) ಕೂಡ ನಾವೇ ಹೊಂದಿಸಬೇಕು. ಇದು ಕೊರತೆ ಅಂತ ಅನೇಕರ ದೂರು. ಮಂಟಪದ ಮುಂದೆ ನಿಂತವನಿಗೆ ಇದೇ ಅನುಕೂಲ ಅನ್ನೋದು ನನ್ನ ಅನುಭವ. ಧಾರೆಯ ಹೊತ್ತಿನಲ್ಲಿ ವಧೂವರರು ಕೂತ ಜಾಗ ಬದಲಾಗುವುದಿಲ್ಲ, ನಾವು ನಿಂತ ಜಾಗವೂ ಅಷ್ಟಾಗಿ ಬದಲಾಗುವುದಿಲ್ಲ. ಟಿಟಿಎಲ್‌ನಲ್ಲಿ ಪುರೋಹಿತರ ಬಿಳಿ ಪಂಚೆ ಫ್ರೇಮಿಗೆ ಬಂದರೆ ಫೋಟೋ ಕಪ್ಪಾಗುತ್ತದೆ, ಮಾವನ ಕಪ್ಪು ಕೋಟು ಬಂದರೆ ಮದುಮಗಳ ಮುಖ ಬೆಳ್ಳಗಾಗಿ ಹೋಗುತ್ತದೆ. ಮ್ಯಾನುಯಲ್‌ನಲ್ಲಿ ಒಂದು ಸಲ ಹೊಂದಿಸಿಕೊಂಡರೆ ನೂರು ಫೋಟೋ ಒಂದೇ ಥರ ಬರುತ್ತವೆ, ಆಲ್ಬಂ ಮಾಡುವವನಿಗೂ ಕೆಲಸ ಕಡಿಮೆ. ತೊಂದರೆ ಆಗುವುದು ದಿಬ್ಬಣ ಒಳಗೆ ಬರುವಾಗ. ಜನ ನಮ್ಮ ಕಡೆ ನಡೆದು ಬರುತ್ತಾ ಇದ್ದರೆ ಹೆಜ್ಜೆ ಹೆಜ್ಜೆಗೂ ಬೆಳಕು ಏರುತ್ತಾ ಹೋಗುತ್ತದೆ. ಅಲ್ಲಿ ನಾನು ಪವರ್ ಮುಟ್ಟುವುದಿಲ್ಲ, ಅವರ ಜೊತೆಗೆ ಹಿಂದಕ್ಕೆ ನಡೆಯುತ್ತೇನೆ.

ಬ್ಯಾಟರಿ ವಿಷಯ. ನಾಲ್ಕು ಎಎ ಸೆಲ್ ಬೇಕು. ಅಂಗಡಿಯ ಸಾಮಾನ್ಯ ಅಲ್ಕಲೈನ್ ಸೆಲ್ ಹಾಕಿದರೆ ಸ್ವಲ್ಪ ಹೊತ್ತಿಗೇ ರೀಸೈಕಲ್ (ಮುಂದಿನ ಮಿಂಚಿಗೆ ಮತ್ತೆ ಚಾರ್ಜ್ ಆಗುವುದು) ನಿಧಾನವಾಗುತ್ತದೆ. ಗಟ್ಟಿಮೇಳ ಶುರುವಾಗಿ, ತಾಳಿ ಕಟ್ಟಿ, ಅಕ್ಷತೆ ಬೀಳುವ ಆ ಅರ್ಧ ನಿಮಿಷದಲ್ಲಿ ಫ್ಲ್ಯಾಶ್ ‘ಕುಂಯ್’ ಅಂತ ಚಾರ್ಜ್ ಆಗುತ್ತಾ ಕೂತರೆ ಯಾರಿಗೆ ಹೇಳೋಣ? ಎನೆಲೂಪ್ ಥರದ ನಿಕಲ್ ಮೆಟಲ್ ಹೈಡ್ರೈಡ್ ರೀಚಾರ್ಜ್ ಸೆಲ್‌ಗಳು ಒಳಗಿನ ಪ್ರತಿರೋಧ ಕಡಿಮೆ ಇರುವುದರಿಂದ ಕರೆಂಟನ್ನು ಬೇಗ ಕೊಡುತ್ತವೆ. ಎರಡು ಸೆಟ್ ಇಟ್ಟುಕೊಳ್ಳಿ. ಮುಹೂರ್ತಕ್ಕೆ ಹತ್ತು ನಿಮಿಷ ಮುಂಚೆ, ಹಳೆಯದು ಖಾಲಿಯಾಗದಿದ್ದರೂ ಹೊಸ ಸೆಟ್ ಹಾಕಿಬಿಡಿ.

ಅಕ್ಷತೆಯ ವಿಚಾರದಲ್ಲಿ ಇನ್ನೊಂದು ಮಾತು. ಪವರ್ ಕಡಿಮೆ ಮಾಡಿದಷ್ಟೂ ಫ್ಲ್ಯಾಶ್ ಮಿಂಚುವ ಅವಧಿ ಚಿಕ್ಕದಾಗುತ್ತದೆ. ಫುಲ್ ಪವರ್‌ನಲ್ಲಿ ಅದು ಸುಮಾರು 1/300 ಸೆಕೆಂಡ್, ತೀರಾ ಕೆಳಗಿನ ಪವರ್‌ನಲ್ಲಿ 1/20000ರ ಹತ್ತಿರ. ಫುಲ್ ಪವರ್‌ನಲ್ಲಿ ಅಕ್ಕಿ ಕಾಳು ಗೀರಿನಂತೆ ಎಳೆದುಕೊಳ್ಳುತ್ತದೆ. 1/16ಕ್ಕೆ ಇಳಿಸಿ, ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟವಾದ ಐಎಸ್‌ಒ 1600ಕ್ಕೆ ಏರಿಸಿದರೆ ಮದುಮಗನ ಪೇಟದ ಮೇಲೆ ಒಂದೊಂದು ಕಾಳೂ ಬಿಡಿಬಿಡಿಯಾಗಿ ಗಾಳಿಯಲ್ಲಿ ನಿಂತಿರುತ್ತದೆ. ಐಎಸ್‌ಒ ಏರಿಸಲು ಹೆದರುವವರು ಇದನ್ನೊಮ್ಮೆ ಮಾಡಿ ನೋಡಲಿ.

ಇನ್ನು ಬೆಳಕು ಮೆತ್ತಗೆ ಮಾಡುವ ಸಾಮಾನುಗಳು. ಬಿಳಿ ಪ್ಲಾಸ್ಟಿಕ್ ಗುಮ್ಮಟವನ್ನು ಎಲ್ಲರೂ ಮೊದಲು ಕೊಳ್ಳುತ್ತಾರೆ. ಫ್ಲ್ಯಾಶ್ ತಲೆಯಷ್ಟೇ ಗಾತ್ರದ ಡಬ್ಬಿಯಿಂದ ಬೆಳಕು ತಾನಾಗಿ ಮೆತ್ತಗಾಗುವುದಿಲ್ಲ. ಅದು ನಾಲ್ಕೂ ಕಡೆ ಚೆಲ್ಲುತ್ತದೆ, ಸುತ್ತ ಗೋಡೆ ಇದ್ದರೆ ಹೊಡೆದು ವಾಪಸ್ ಬರುತ್ತದೆ, ಅಷ್ಟೇ. ಬಯಲಲ್ಲಿ ಹಾಕಿದ ಶಾಮಿಯಾನದಲ್ಲಿ ವಾಪಸ್ ಬರಲು ಏನೂ ಇಲ್ಲ, ಬ್ಯಾಟರಿ ಮಾತ್ರ ಹೋಗುತ್ತದೆ. ಗುಮ್ಮಟ ತೆಗೆದು ಫ್ಲ್ಯಾಶ್ ತಲೆಯನ್ನು ಹಿಂದಿನ ಅಥವಾ ಪಕ್ಕದ ಗೋಡೆಗೆ ತಿರುಗಿಸಿ. ಆಗ ಇಡೀ ಗೋಡೆಯೇ ಲೈಟು, ಮುಖದ ಮೇಲೆ ಕಿಟಕಿ ಬೆಳಕಿನಂಥ ಬೆಳಕು. ಹಿಂದೆ ಕೂತ ನೆಂಟರ ಕಣ್ಣಿಗೆ ಹೊಡೆಯದಂತೆ ಕಪ್ಪು ಫೋಮ್ ಶೀಟಿನ ತುಂಡೊಂದನ್ನು ತಲೆಗೂದಲಿನ ರಬ್ಬರ್ ಬ್ಯಾಂಡಿನಲ್ಲಿ ಫ್ಲ್ಯಾಶಿಗೆ ಕಟ್ಟಿಕೊಳ್ಳುತ್ತೇನೆ. ನಾನು ಅತಿ ಹೆಚ್ಚು ಬಳಸಿದ ಮಾಡಿಫೈಯರ್ ಇದೇ. ಸ್ಟೇಷನರಿ ಅಂಗಡಿಯ ಸಾಮಾನು.

ಗೋಡೆ ಬಿಳಿ ಇರಬೇಕು ಅನ್ನೋದು ಮಾತ್ರ ಷರತ್ತು. ನಮ್ಮ ಕಡೆ ಚೌಲ್ಟ್ರಿಗಳಿಗೆ ತಿಳಿ ಹಸಿರು, ಗುಲಾಬಿ ಬಣ್ಣ ಹೊಡೆಯುವ ಹುಚ್ಚು. ಹಸಿರು ಗೋಡೆಗೆ ಬೌನ್ಸ್ ಮಾಡಿದರೆ (ಬೆಳಕನ್ನು ಹೀಗೆ ಹೊಡೆದು ವಾಪಸ್ ತಂದರೆ) ಮದುಮಗಳು ಕಾಯಿಲೆ ಬಿದ್ದವಳ ಹಾಗೆ ಕಾಣುತ್ತಾಳೆ, ಅದನ್ನು ಫೋಟೋಶಾಪಿನಲ್ಲಿ ಸರಿ ಮಾಡುವುದು ತಲೆನೋವು. ತಗಡಿನ ಶೀಟು ಹಾಕಿದ ಎತ್ತರದ ಹಾಲ್‌ಗಳಲ್ಲಿ ಸೀಲಿಂಗ್ ಬೌನ್ಸ್ ಮರೆತುಬಿಡಿ.

ಅಂತರಪಟ ಹಿಡಿದಾಗ ಒಂದು ಉಪಾಯವಿದೆ. ಆ ಬಟ್ಟೆ ಬಿಳಿ. ನೇರವಾಗಿ ಹೊಡೆದರೆ ಫೋಟೋದಲ್ಲಿ ಬಟ್ಟೆ ತೀರಾ ಬೆಳ್ಳಗಾಗಿ ಮುಖ ಕಾಣುವುದಿಲ್ಲ. ಮದುಮಗಳ ಕಡೆ ನಿಂತು ಫ್ಲ್ಯಾಶ್ ತಲೆಯನ್ನು ಬಟ್ಟೆಯತ್ತ ತಿರುಗಿಸಿದರೆ, ಅದೇ ದೊಡ್ಡ ರಿಫ್ಲೆಕ್ಟರ್ ಆಗಿ ಅವಳ ಮುಖಕ್ಕೆ ಬೆಳಕು ಕೊಡುತ್ತದೆ. ಹೋಮದ ಹೊಗೆಗೆ ಬೇರೆಯೇ ಲೆಕ್ಕ. ಕ್ಯಾಮೆರಾ ಮೇಲಿನ ಫ್ಲ್ಯಾಶ್ ಎದುರಿನ ಹೊಗೆಯನ್ನೇ ಬೆಳಗಿ ಬಿಳಿ ಪರದೆ ಎಳೆಯುತ್ತದೆ, ಪಕ್ಕದಿಂದ ಬಂದ ಬೆಳಕಾದರೆ ಹೊಗೆ ಎಳೆ ಎಳೆಯಾಗಿ ಚೆನ್ನಾಗಿ ಕಾಣುತ್ತದೆ.

ಪಕ್ಕದಿಂದ ಬೆಳಕು ಬೇಕು ಅಂದರೆ ಎಕ್ಸ್2ಟಿ ಥರದ ಟ್ರಿಗರ್ (ಕ್ಯಾಮೆರಾ ಮೇಲೆ ಕೂತು ದೂರದ ಫ್ಲ್ಯಾಶನ್ನು ರೇಡಿಯೋ ಮೂಲಕ ಮಿಂಚಿಸುವ ಸಾಧನ) ಬೇಕು. ಟಿಟಿ600ರೊಳಗೇ ರೇಡಿಯೋ ರಿಸೀವರ್ ಇದೆ, ಬೇರೆ ಕೊಳ್ಳಬೇಕಿಲ್ಲ. ಆರತಕ್ಷತೆಯ ವೇದಿಕೆಗೆ ಒಂದು ಸ್ಟ್ಯಾಂಡು, ಒಂದು ಬಿಳಿ ಶೂಟ್-ಥ್ರೂ ಅಂಬ್ರೆಲಾ (ಬೆಳಕು ಹಾಯ್ದು ಬರುವ ಛತ್ರಿ) ಸಾಕು. ಛತ್ರಿಯನ್ನು ಹತ್ತಿರ ಇಡಬೇಡಿ. ಸಾಲಿನ ಈ ತುದಿಯವರಿಗೆ 5 ಅಡಿ, ಆ ತುದಿಯವರಿಗೆ 10 ಅಡಿ ಆದರೆ ಆಚೆಯವರಿಗೆ ಬೀಳುವುದು ಕಾಲು ಭಾಗ ಬೆಳಕು. ಅದನ್ನೇ 5 ಅಡಿ ಹಿಂದೆ ಸರಿಸಿದರೆ 10 ಮತ್ತು 15 ಅಡಿ ಆಗುತ್ತದೆ, ವ್ಯತ್ಯಾಸ ಒಂದು ಸ್ಟಾಪ್‌ಗಿಂತ ಸ್ವಲ್ಪ ಹೆಚ್ಚು ಮಾತ್ರ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧವಾಗುವುದು). ಬೆಳಕು ಚೂರು ಗಡುಸಾಗುತ್ತದೆ, ಆದರೆ ತುದಿಯಲ್ಲಿ ನಿಂತ ಚಿಕ್ಕಪ್ಪ ಕತ್ತಲಲ್ಲಿ ಇರುವುದಿಲ್ಲ. ವೀಡಿಯೋದವರು ‘ಗುರೂ, ನಿನ್ನ ಛತ್ರಿ ಫ್ರೇಮಲ್ಲಿ ಬರ್ತಿದೆ, ಆಚೆ ಇಡು’ ಅಂತ ಕೂಗುವುದೂ ನಿಲ್ಲುತ್ತದೆ. ಮಕ್ಕಳು ಓಡಾಡುವ ಕಡೆ ಸ್ಟ್ಯಾಂಡಿನ ಕಾಲಿಗೆ ಮರಳು ಚೀಲ ಕಟ್ಟುವುದು ಕಡ್ಡಾಯ.

ಮಡಚುವ ಸಾಫ್ಟ್‌ಬಾಕ್ಸ್ (ಮುಂದೆ ಬಿಳಿ ಬಟ್ಟೆ ಇರುವ ಬೆಳಕಿನ ಪೆಟ್ಟಿಗೆ) ಒಂದನ್ನೂ ಕೊಂಡಿದ್ದೆ, ಹೆಸರು ಬೇಡ. ಬೆಳಕು ಚೆನ್ನ, ಆದರೆ ಮಂಟಪದ ಜನಜಂಗುಳಿಯಲ್ಲಿ ಬಿಚ್ಚಿ ಕಟ್ಟುವಷ್ಟರಲ್ಲಿ ಶಾಸ್ತ್ರವೇ ಮುಗಿದಿರುತ್ತದೆ. ಒಂದು ಕಡ್ಡಿಯೂ ಮುರಿಯಿತು, ಈಗ ಅಟ್ಟದಲ್ಲಿದೆ. ಕಿತ್ತಳೆ ಬಣ್ಣದ ಜೆಲ್ (ಬೆಳಕು ಹಾಯುವ ಬಣ್ಣದ ಹಾಳೆ) ತುಂಡು ಮಾತ್ರ ಬ್ಯಾಗಿನಲ್ಲಿ ಯಾವಾಗಲೂ ಇರುತ್ತದೆ. ಹಳದಿ ಸೀರಿಯಲ್ ಲೈಟಿನ ಅಲಂಕಾರ ಇದ್ದಾಗ ಫ್ಲ್ಯಾಶಿಗೆ ಅದನ್ನು ಅಂಟಿಸಿದರೆ ಮುಂದಿನ ಮುಖಕ್ಕೂ ಹಿಂದಿನ ಅಲಂಕಾರಕ್ಕೂ ಹೊಂದಿಕೆಯಾಗುತ್ತದೆ.

ಮಧ್ಯಾಹ್ನದ ಬಿಸಿಲಲ್ಲಿ ಅರಿಶಿನ ಶಾಸ್ತ್ರ ತೆಗೆಯುವವರು ಗಮನಿಸಿ: ಟಿಟಿ600 ಕ್ಯಾಮೆರಾ ಮೇಲೆ ಕೂತಾಗ ಹೈ ಸ್ಪೀಡ್ ಸಿಂಕ್ (ತೀರಾ ವೇಗದ ಶಟರ್‌ನಲ್ಲೂ ಫ್ಲ್ಯಾಶ್ ಹೊಡೆಯುವ ಸೌಲಭ್ಯ) ಕೊಡುವುದಿಲ್ಲ, ಟ್ರಿಗರ್ ಮೂಲಕ ಹೊರಗಿಟ್ಟಾಗ ಮಾತ್ರ ಕೊಡುತ್ತದೆ. ಬರೀ ಕ್ಯಾಂಡಿಡ್ ತೆಗೆಯುವವರು, ಒಂದು ಕಡೆ ನಿಲ್ಲದವರು ಟಿಟಿಎಲ್ ಇರುವ ಟಿಟಿ685 ಅಥವಾ ಲಿಥಿಯಂ ಬ್ಯಾಟರಿಯ ವಿ860 ಸಾಲಿಗೇ ಹೋಗುವುದು ವಾಸಿ.

ಕೊಳ್ಳುವ ಮುಂಚೆ ನಿಮ್ಮ ಕ್ಯಾಮೆರಾದ ಹಾಟ್ ಶೂ (ಫ್ಲ್ಯಾಶ್ ಕೂರಿಸುವ ಮೇಲಿನ ಜಾಗ) ನೋಡಿ. ಟಿಟಿ600 ಕೆಲಸ ಮಾಡುವುದು ನಡುವಿನ ಒಂದೇ ಪಿನ್ ಮೇಲೆ. ಹೊಸಬರ ಕೈಯಲ್ಲಿ ಹೆಚ್ಚಾಗಿರುವ ಕ್ಯಾನನ್ 1500ಡಿ, 200ಡಿ ಮಾರ್ಕ್ 2 ಮಾಡೆಲ್‌ಗಳಲ್ಲಿ ಆ ನಡುವಿನ ಪಿನ್ನೇ ಇಲ್ಲ, ಅವುಗಳ ಮೇಲೆ ಕೂರಿಸಿದರೆ ಇದು ಮಿಂಚುವುದೇ ಇಲ್ಲ. ಅಂಗಡಿಗೆ ಹೋಗುವಾಗ ಕ್ಯಾಮೆರಾ ಜೊತೆಗೇ ತಗೊಂಡು ಹೋಗಿ, ಅಲ್ಲೇ ಹಾಕಿ ಒಂದು ಕ್ಲಿಕ್ ಮಾಡಿಸಿ.