ಉತ್ಸುನೊಮಿಯಾ, ರ್‍ಯುಕ್ಯು, ಟೋಕಿಯೊ: ಯಾವ ಕ್ಲಬ್‌ನ ಬೆನ್ನು ಹಿಡಿಯಬೇಕು?

ಜಪಾನಿನ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಆದ ಬಿ.ಲೀಗ್ 2016ರಲ್ಲಿ ಶುರುವಾದದ್ದು ಎರಡು ಪ್ರತಿಸ್ಪರ್ಧಿ ಲೀಗ್‌ಗಳು ಒಂದಾದ ಮೇಲೆ. ಹಾಗಾಗಿ ಮೊದಲು ನೋಡಬೇಕಾದ್ದು ಬೇರು. ಆಲ್ವಾರ್ಕ್ ಟೋಕಿಯೊ ಟೊಯೊಟಾ ಕಂಪನಿಯ ತಂಡವಾಗಿ ಬೆಳೆದದ್ದು. ರ್‍ಯುಕ್ಯು ಗೋಲ್ಡನ್ ಕಿಂಗ್ಸ್ ಒಕಿನಾವಾ ದ್ವೀಪದ ಕೂಸು: 2007-08ರ ಚೊಚ್ಚಲ ಋತುವಿನಲ್ಲಿ ತಳ ಕಂಡು, ಮರುವರ್ಷವೇ ಆ ಎರಡು ಹಳೆಯ ಲೀಗ್‌ಗಳಲ್ಲಿ ಒಂದಾದ ಬಿಜೆ ಲೀಗ್ ಗೆದ್ದಿತು.

ಪ್ರಶಸ್ತಿ ಎಣಿಸುವಾಗ ಹಳೆಯ ಲೀಗ್‌ಗಳನ್ನು ಬೆರೆಸಬೇಡಿ, ಅಲ್ಲೇ ಲೆಕ್ಕ ತಪ್ಪುವುದು. ಬಿ.ಲೀಗ್‌ನಲ್ಲಿ ಉತ್ಸುನೊಮಿಯಾ ಬ್ರೆಕ್ಸ್ 2017, 2022 ಮತ್ತು 2025ರಲ್ಲಿ ಗೆದ್ದಿದೆ, ಆಲ್ವಾರ್ಕ್ 2018, 2019ರಲ್ಲಿ, ರ್‍ಯುಕ್ಯು 2023ರಲ್ಲಿ. ರ್‍ಯುಕ್ಯುವಿನ ನಾಲ್ಕು ಬಿಜೆ ಕಿರೀಟಗಳದ್ದು ಬೇರೆಯೇ ಲೆಕ್ಕ. ಬ್ರೆಕ್ಸ್‌ನ ಹಳೆಯ ದಾಖಲೆ ಹುಡುಕುವವರು 'ಲಿಂಕ್ ತೊಚಿಗಿ ಬ್ರೆಕ್ಸ್' ಎಂದೂ ನೋಡಬೇಕು. ಹೆಸರು ಬದಲಾದದ್ದು 2019ರಲ್ಲಿ.

ಮನುಷ್ಯರ ಕಥೆ ಬೇಕೆಂದರೆ ನನ್ನ ಒಲವು ಬ್ರೆಕ್ಸ್ ಕಡೆಗೆ. ಅಮೆರಿಕದ ಎನ್‌ಬಿಎ ಲೀಗ್‌ನಲ್ಲಿ ಆಡಿದ ಮೊದಲ ಜಪಾನಿ ಯುಟಾ ತಬುಸೆ 2008ರಲ್ಲಿ ಸೇರಿದ್ದು ಇಲ್ಲಿಗೇ. 2025ರ ಫೆಬ್ರವರಿಯಲ್ಲಿ, ಋತುವಿನ ನಡುವೆಯೇ ಮುಖ್ಯ ಕೋಚ್ ಕೆವಿನ್ ಬ್ರಾಸ್‌ವೆಲ್ ತೀರಿಕೊಂಡರು. ಆ ನೋವಿನಲ್ಲೂ ತಂಡ ಫೈನಲ್‌ನಲ್ಲಿ ರ್‍ಯುಕ್ಯುವನ್ನು 2-1ರಿಂದ ಸೋಲಿಸಿತು.

ಹೋಗಿ ನೋಡುವವರಿಗೆ ಟೋಕಿಯೊ ಸಲೀಸು. ಉತ್ಸುನೊಮಿಯಾಕ್ಕೆ ಅಲ್ಲಿಂದ ಬುಲೆಟ್ ರೈಲು ಶಿಂಕಾನ್ಸೆನ್‌ನಲ್ಲಿ ಸುಮಾರು 50 ನಿಮಿಷ. ಒಕಿನಾವಾಕ್ಕೆ ವಿಮಾನವೇ ಬೇಕು. ಅಲ್ಲಿನ ರಾಜಧಾನಿ ನಾಹಾದ ಮಾನೋರೈಲು ಅರೀನಾದ ತನಕ ಹೋಗುವುದಿಲ್ಲ, ಬಸ್ಸು ಇಲ್ಲವೇ ಕಾರು ಗತಿ. ಆದರೂ ಇಡೀ ಊರೇ ತಂಡದ ಹಿಂದೆ ನಿಲ್ಲುವುದನ್ನು ಕಾಣಬೇಕಿದ್ದರೆ, 2021ರಲ್ಲಿ ತೆರೆದ ಒಕಿನಾವಾ ಅರೀನಾಕ್ಕೆ ಆ ಖರ್ಚು ಮಾಡಬಹುದು.